ಹಳೆಯದು ಮುಂದೆ, ಹೊಸದು ಹಿಂದೆ

ಫ್ರಿಜ್ಜಿನಿಂದ ಹಾಲಿನ ಪ್ಯಾಕೆಟ್ಟು ತೆಗೆಯುವುದರಲ್ಲೂ ಒಬ್ಬೊಬ್ಬರದು ಒಂದೊಂದು ಸ್ವಭಾವ. ನಮ್ಮ ಮೊಮ್ಮಗಳು ಸಿಂಧು ಮುಂದಿರುವ ನಿನ್ನೆಯ ಪ್ಯಾಕೆಟ್ಟನ್ನು ಬದಿಗೆ ಸರಿಸಿ, ಮೊಣಕೈವರೆಗೆ ಕೈ ತೂರಿಸಿ, ಹಿಂದಿರುವ ಇವತ್ತಿನದನ್ನೇ ಎಳೆಯುತ್ತಾಳೆ. ಆಗ ನನ್ನ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತುಬಿಡುತ್ತದೆ. ಹೇಳಬೇಕಾದ್ದನ್ನು ನುಂಗಿಕೊಳ್ಳುವವಳು ನಾನೆಂದು ನಿಮಗೆಲ್ಲ ಗೊತ್ತು. ಅದಕ್ಕೇ ಮೊಮ್ಮಕ್ಕಳೇ, ಬರೆಯುತ್ತಿದ್ದೇನೆ.

ನಿಮ್ಮ ತಾತನಿಗೆ ಶ್ರೀನಿವಾಸಪುರದಲ್ಲಿ ದಿನಸಿ ಅಂಗಡಿ ಇತ್ತು. ವಕ್ಕಲೇರಿಯ ಶಾಲೆಯಲ್ಲಿ ನಾಲ್ಕಕ್ಷರ ಕಲಿತು ಮದುವೆಯಾಗಿ ಬಂದ ನನಗೆ ಅವರು ಹೇಳಿಕೊಟ್ಟ ಮೊದಲ ಪಾಠ, ಹಳೆಯದು ಮುಂದೆ, ಹೊಸದು ಹಿಂದೆ. ಹೊಸ ಬೇಳೆ ಬಂದರೆ ಡಬ್ಬದಲ್ಲಿ ಉಳಿದದ್ದನ್ನು ಮೊರಕ್ಕೆ ಸುರಿದು, ಹೊಸದನ್ನು ತಳಕ್ಕೆ ಹಾಕಿ, ಹಳೆಯದನ್ನು ಅದರ ಮೇಲೆ ಹರಡಬೇಕು. ಅಂಗಡಿ ಮುಳುಗುವುದು ಕಳ್ಳರಿಂದಲ್ಲ, ಮೂಲೆಯಲ್ಲಿ ಮರೆತ ರವೆಯಿಂದ ಎಂಬುದು ಅವರ ಸಿದ್ಧಾಂತ.

ಗಿರಾಕಿಗಳೇನು ಕಡಿಮೆಯೇ? ಹಾಲು ಮಾರುವ ಮುನಿಯಮ್ಮ ಕತ್ತು ಉದ್ದ ಮಾಡಿ, "ಏಮಣ್ಣಾ, ಆ ಹಿಂದ್ಗಡೆ ಬಿಸ್ಕತ್ತು ಯಾರಿಗೆ ಬಚ್ಚಿಟ್ಟಿದ್ದೀಯ? ಅತ್ತೆ ಮನೇಗಾ?" ಎಂದು ಛೇಡಿಸುತ್ತಿದ್ದಳು.

"ಅದು ನಾಳೆಯೋರಿಗಮ್ಮಾ. ಇವತ್ತಿನೋರಿಗೆ ಇದು," ಎಂದು ಇವರು ಮುಂದಿನ ಪೊಟ್ಟಣವನ್ನೇ ಕೊಡುತ್ತಿದ್ದರು.

ಆ ಶಿಸ್ತಿನಿಂದ ಅಂಗಡಿ ಉಳಿಯಿತು, ನಿಮ್ಮ ಅಪ್ಪಂದಿರು ಓದಿದರು. ಆದರೆ ಅಂಗಡಿಯ ನಿಯಮ ಬಾಗಿಲು ದಾಟಿ ನಮ್ಮ ಅಡುಗೆಮನೆಗೂ ಬಂದು ಕುಳಿತಿತು. ಹಳೆ ಪಂಚೆ ಹರಿಯುವವರೆಗೆ ಹೊಸದು ಪೆಟ್ಟಿಗೆಯಲ್ಲಿ. ಮಾವಿನ ಕಾಲದಲ್ಲಂತೂ ಊರೆಲ್ಲ ಘಮಘಮಿಸುವಾಗ ನಮ್ಮ ಪಾಲಿಗೆ ಏಟು ಬಿದ್ದ ಹಣ್ಣು. ಅದನ್ನು ತಿಂದು ಮುಗಿಸುವಷ್ಟರಲ್ಲಿ ಚೆನ್ನಾಗಿದ್ದದ್ದೂ ಮೆತ್ತಗಾಗಿ ಸರದಿಗೆ ನಿಲ್ಲುತ್ತಿತ್ತು. ಹೀಗೆ ಮಾವಿನ ಸೀಮೆಯಲ್ಲೇ ಬದುಕಿದ ನಾವಿಬ್ಬರು ಕಪ್ಪು ಮಚ್ಚೆಯ ರುಚಿಯಲ್ಲಿ ಪರಿಣತರಾದೆವು!

ಅವರು ಹಾಸಿಗೆ ಹಿಡಿದ ಬೇಸಿಗೆಯಲ್ಲಿ, ಒಮ್ಮೆಯಾದರೂ ನಿಷ್ಕಳಂಕವಾದ ಹಣ್ಣು ತಿನ್ನಲಿ ಎಂಬ ಆಸೆಯಿಂದ, ಬುಟ್ಟಿಯ ತಳದಿಂದ ಒಂದು ಬಾದಾಮಿ ಮಾವನ್ನು ಆರಿಸಿ ತಂದೆ. ಅವರು ಅದನ್ನು ಮೂಸಿ, ಬೆರಳಿನಿಂದ ಒತ್ತಿ ನೋಡಿ, "ಲೇ, ಏಟು ಬಿದ್ದಿರೋದೆಲ್ಲ ಮುಗೀತೇನೇ?" ಎಂದರು.

"ಮುಗೀತು ಕಣ್ರೀ," ಎಂದೆ. ಮುಗಿದಿರಲಿಲ್ಲ.

"ಇದು ಗಟ್ಟಿಯಾಗಿದೆ, ಇನ್ನೂ ಎರಡು ದಿನ ತಡ್ಕೊಳ್ತದೆ. ಹಿಂದಿಡು, ಮಕ್ಕಳು ಬರ್ತಾರೆ."

ಹಣ್ಣು ತಡೆದುಕೊಂಡಿತು, ಅವರು ತಡೆದುಕೊಳ್ಳಲಿಲ್ಲ. ಮೂರನೇ ದಿನದ ಹಾಲುತುಪ್ಪ ಮುಗಿದು ನೋಡಿದರೆ ಹಣ್ಣಿನ ತೊಟ್ಟಿನ ಸುತ್ತ ಕಪ್ಪಾಗಿತ್ತು. ಯಾರಿಗೂ ಕಾಣದ ಹಾಗೆ ನಾನೇ ತಿಂದೆ. ಬಾಯಿಗೆ ಅದೇ ಹಳೆಯ ರುಚಿ. ಬೇಳೆಗೆ, ಬಿಸ್ಕತ್ತಿಗೆ ಸರಿಹೋದ ಲೆಕ್ಕವನ್ನು ಮನುಷ್ಯರಿಗೂ ಹಚ್ಚಿದೆವಲ್ಲ ಎಂಬ ಸಂಕಟ ಇನ್ನೂ ಕರಗಿಲ್ಲ.

ಇವತ್ತು ಮನೆಗೆ ಮಾವು ಬಂತು. ಮಚ್ಚೆಯಿಲ್ಲದ್ದನ್ನು ಹುಡುಕಿ ಕೊಯ್ದೆ. ಸಿಂಧು ಬೆರಗಾಗಿ, "ಅಜ್ಜೀ, ಮೆತ್ತಗಾಗಿರೋದು ಮೊದಲು ಅಂತೀಯಲ್ಲ ಯಾವಾಗ್ಲೂ?" ಎಂದಳು.

"ಅದು ನಾಳೆಯೋರಿಗೆ ಕಣೇ," ಎಂದೆ.

ಅವಳು ನಕ್ಕು, ಫ್ರಿಜ್ಜಿನ ಹಿಂದಿನಿಂದ ಇವತ್ತಿನ ಹಾಲನ್ನೇ ಎಳೆದುಕೊಂಡಳು. ಈ ಸಲ ನನಗೆ ನುಂಗಿಕೊಳ್ಳಲು ಮಾತೇ ಇರಲಿಲ್ಲ. ನಿನ್ನೆಯ ಪ್ಯಾಕೆಟ್ಟನ್ನು ಮಾತ್ರ ಕಾಯಿಸಿ ಹೆಪ್ಪು ಹಾಕಿದೆ. ಎಷ್ಟೆಂದರೂ ಅಂಗಡಿಯವರ ಹೆಂಡತಿ.