ಖಾದರ್ ಡಾಕ್ಟರರ ದಸ್ತಿ

ಗಂಗಾವತಿಯ ಖಾದರ್ ಡಾಕ್ಟರು ಬಾಯಿ ಬಿಡುವ ಮೊದಲೇ ನಮಗೆ ಸುದ್ದಿ ಗೊತ್ತಾಗಿಬಿಡುತ್ತಿತ್ತು. ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿ ನೋಡುವರು. ಒಳ್ಳೆಯದಿದ್ದರೆ ಫಿಲ್ಮು ನೇರ ರೋಗಿಯ ಕೈಗೆ. ಕೆಟ್ಟದಿದ್ದರೆ ಜೇಬಿನಿಂದ ಬಿಳಿ ದಸ್ತಿ ತೆಗೆದು, ಧೂಳಿರಲಿ ಬಿಡಲಿ, ಫಿಲ್ಮನ್ನು ಒರೆಸುತ್ತ ಕೂರುವರು. ಬೆಂಚಿನ ಮೇಲೆ ಕಾಯುವವರೆಲ್ಲ ಆ ಜೇಬನ್ನೇ ನೋಡುತ್ತಿದ್ದೆವು.

ಊರವರ ಹಲ್ಲು ನೆಟ್ಟಗೆ ಮಾಡುವ ಈ ಮನುಷ್ಯನ ಮುಂದಿನ ಹಲ್ಲೇ ಸೊಟ್ಟ. ಯಾರಾದರೂ ಕೇಳಿದರೆ, "ನನ್ನ ಬಾಯಾಗ ನಾನ ಹೆಂಗ ಕೈ ಹಾಕ್ಲಿರಿ?" ಎನ್ನುತ್ತಿದ್ದರು.

ನಾನು ಅವರಲ್ಲಿಗೆ ಹೋದದ್ದು ಮಗಳು ರೇಣುಕಾಳಿಗಾಗಿ. ನಮ್ಮದು ಬೇವೂರು. ಬೋರಿನ ನೀರು ಕುಡಿದು ಊರಿಗೆ ಊರೇ ಕಂದು ಹಲ್ಲು. ಹಾಗಾಗಿ ಬಾಯೊಳಗೆ ಏನೇ ಆದರೂ ತಪ್ಪನ್ನು ನೀರಿನ ತಲೆಗೆ ಕಟ್ಟುವುದು ನಮ್ಮ ರೂಢಿ. ಓರಗೆಯವರಿಗೆಲ್ಲ ಕೋರೆಹಲ್ಲು ಬಂದು, ಇವಳಿಗೆ ಮಾತ್ರ ಹಾಲುಹಲ್ಲು ಬೀಳದೆ ಕೂತಾಗ ನಮ್ಮತ್ತೆ, "ನಮ್ಮ ನೀರ ಹಂಗ ಐತಿ, ತಡ ಆಗ್ತೈತಿ ಬಿಡು" ಎಂದರು. ಮನೆಮಂದಿಯೆಲ್ಲ ಹೌದೆಂದೆವು. ಬರಬೇಕಾದ ಕೋರೆಹಲ್ಲು ಅಷ್ಟರಲ್ಲಿ ದವಡೆಯೊಳಗೇ ಅಡ್ಡ ಮಲಗಿ, ಪಕ್ಕದ ಮುಂದಿನ ಹಲ್ಲಿನ ಬೇರನ್ನು ತಿನ್ನತೊಡಗಿತ್ತು.

ಕೊಪ್ಪಳದಲ್ಲಿ ಮೊದಲು ತೋರಿಸಿದವರು ಇಡೀ ದವಡೆಯ ಉದ್ದನೆಯ ಫಿಲ್ಮು ನೋಡಿ, ಬೇರು ಉಳಿದಿಲ್ಲ, ಮುಂದಿನ ಹಲ್ಲು ಕೀಳಬೇಕು ಎಂದುಬಿಟ್ಟರು. ಹದಿಮೂರರ ಹುಡುಗಿ. ಅಂದು ಬಾಯಿಗೆ ಅಡ್ಡ ಹಿಡಿದ ವೇಲು ಇಳಿಸಲೇ ಇಲ್ಲ. ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು.

ಖಾದರ್ ಡಾಕ್ಟರು ಅದೇ ಫಿಲ್ಮು ನೋಡಿದರು. ದಸ್ತಿ ತೆಗೆಯಲಿಲ್ಲ, ನನ್ನ ಕೈಗೂ ಕೊಡಲಿಲ್ಲ. ಆ ಹಲ್ಲಿನದಷ್ಟೇ ಇನ್ನೊಂದು ಸಣ್ಣ ಫಿಲ್ಮು ತೆಗೆದರು. ಅದರಲ್ಲಿ ಬೇರು ಇದ್ದಂತೆ ಕಂಡಿತು.

"ಒಂದು ಬೇರಿಲ್ಲ ಅಂತೈತಿ, ಇನ್ನೊಂದು ಐತಿ ಅಂತೈತಿ. ಯಾವುದು ನಂಬೋದ್ರಿ ಸರ?" ಎಂದೆ.

ಅವರು ಎರಡು ಅಂಗೈಗಳನ್ನು ಒಂದರ ಹಿಂದೊಂದು ಹಿಡಿದು ಗೋಡೆಯ ಮೇಲಿನ ನೆರಳು ತೋರಿಸಿದರು. "ಗ್ವಾಡಿ ಮ್ಯಾಲ ನೋಡಿ ಹೇಳ್ರಿ, ಯಾವ ಕೈ ಮುಂದೈತಿ? ತಿಳಿಯಂಗಿಲ್ಲ. ಕೋರೆಹಲ್ಲು, ಬೇರು ಹಂಗ ಒಂದರ ಮ್ಯಾಲೊಂದು ಬಿದ್ದಾವ. ನೆರಳು ಸುಳ್ಳು ಹೇಳಂಗಿಲ್ಲ ತಾಯಿ, ಪೂರಾ ಹೇಳಂಗಿಲ್ಲ ಅಷ್ಟ. ಸುತ್ತ ತಿರುಗಿ ತೆಗೆಯೋ ಸ್ಕ್ಯಾನ್ ಐತಿ, ಹುಬ್ಬಳ್ಳಿಗೆ ಹೋಗಿ ಬರ್ರಿ."

ಸುಮ್ಮಸುಮ್ಮನೆ ಸ್ಕ್ಯಾನಿಗೆ ಕಳಿಸುವವರಲ್ಲ ಅವರು. ನಮ್ಮೆದುರೇ ಮರಳಿ ಊರಿನ ಗದ್ದೆಯ ಧಣಿಯೊಬ್ಬರು ತಮ್ಮ ಮಗಳಿಗೂ ಅದೇ ಸ್ಕ್ಯಾನ್ ಆಗಬೇಕೆಂದು ಹಟ ಹಿಡಿದಿದ್ದರು. "ನಿಮ್ಮ ಕೂಸಿನ ಹಲ್ಲು ಬರೇ ಸೊಟ್ಟ ಅದಾವ, ಕಣ್ಣಿಗೇ ಕಾಣ್ತಾವ. ಎಳೇ ಮೈಗೆ ಅಷ್ಟು ಕಿರಣ ಯಾಕ್ರಿ? ಮದುವಿ ಫೋಟೋ ಏನು ಅದು?" ಎಂದು ಡಾಕ್ಟರು ಅಟ್ಟಿದ್ದರು.

ಹುಬ್ಬಳ್ಳಿಯಿಂದ ತಂದ ಸ್ಕ್ಯಾನಿನ ಫಿಲ್ಮನ್ನು ಕಿಟಕಿಗೆ ಹಿಡಿದವರು ಅದನ್ನು ನೇರ ರೇಣುಕಾಳ ಕೈಗೆ ಕೊಟ್ಟರು. "ಅರ್ಧ ಬೇರು ಉಳದೈತಿ ನೋಡವ್ವ. ಈ ಕಳ್ಳ ಕೋರೆಹಲ್ಲನ್ನ ತಂತಿ ಕಟ್ಟಿ ದೂರ ಎಳೀತೀನಿ. ಅದು ಸರದ್ರ ನಿನ್ನ ಹಲ್ಲು ನಿಲ್ತೈತಿ." ಊರಿಗೆ ಮರಳುವ ಬಸ್ಸಿನಲ್ಲಿ ಮಗಳು ವೇಲು ಇಳಿಸಿ ನಕ್ಕಳು. ಎಷ್ಟು ದಿನವಾಗಿತ್ತೋ ಆ ನಗು ಕಂಡು.

ತಂತಿ ಕಟ್ಟಿದರು. ಕೋರೆಹಲ್ಲು ಸರಿಯತೊಡಗಿತ್ತು. ಆಗ ಡಾಕ್ಟರಿಗೇ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು, ದವಾಖಾನೆ ಮುಚ್ಚಿತು.

ಕುಷ್ಟಗಿ, ಕೊಪ್ಪಳ, ಎಲ್ಲ ಅಲೆದೆ. ಒಬ್ಬರು ಕಟ್ಟಿದ ತಂತಿಯನ್ನು ಇನ್ನೊಬ್ಬರು ಮುಟ್ಟರು. "ಅವರು ಹಾಕಿದ್ದು, ಅವರ ನೋಡಬೇಕ್ರಿ" ಎಂಬ ಒಂದೇ ಮಾತು. ಯಾರ ಕಾಲು ಹಿಡಿಯಬೇಕೆಂದೇ ತಿಳಿಯಲಿಲ್ಲ. ಅಷ್ಟರಲ್ಲಿ ಮುಂದಿನ ಹಲ್ಲು ಅಲುಗಾಡತೊಡಗಿತು. ಕೊನೆಗೂ ಕೈಹಿಡಿದ ಹೊಸ ಡಾಕ್ಟರು ಮತ್ತೆ ಸ್ಕ್ಯಾನ್ ಮಾಡಿಸಿ, ಇನ್ನು ಕೀಳದೆ ದಾರಿಯಿಲ್ಲ ಎಂದರು. ನಾನು ನಂಬಲಿಲ್ಲ. ಒಮ್ಮೆ ಕೀಳಬೇಕು ಎಂದಿದ್ದ ಹಲ್ಲು ಉಳಿದಿರಲಿಲ್ಲವೇ? ಖಾದರ್ ಡಾಕ್ಟರು ಹೇಳಲಿ, ಆಮೇಲೆ ನೋಡೋಣ ಎಂದು ಫಿಲ್ಮು ಹಿಡಿದು ಮಗಳೊಂದಿಗೆ ಅವರ ಮನೆಗೆ ಹೋದೆ. ಅದೇ ಕಡೆಯ ಭೇಟಿ.

ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ಬಾಯಿ ಒಂದು ಕಡೆ ವಾಲಿ ಜೊಲ್ಲು ಇಳಿಯುತ್ತಿತ್ತು. ರೇಣುಕಾಳನ್ನು ಕಂಡು ಸೊಟ್ಟ ಹಲ್ಲು ತೋರಿಸಿ ನಕ್ಕರು. ಎಡಗೈಯಲ್ಲಿ ಫಿಲ್ಮು ಎತ್ತಿ, ಎಡಗಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ನನ್ನ ಕಣ್ಣು ಅವರ ಜೇಬಿನ ಮೇಲೆ. ಬಲಗೈ ತೊಡೆಯ ಮೇಲೆ ಅಲುಗದೆ ಬಿದ್ದಿತ್ತು. ದೇವರೇ, ಆ ಕೈ ಹಾಗೇ ಇರಲಿ ಎಂದು ಬೇಡಿದೆ. ಎಂಥ ತಾಯಿಯೂ ಬೇಡಬಾರದ ಬೇಡಿಕೆ ಅದು.

"ದ... ದಸ್ತಿ" ಎಂದರು ಹೆಂಡತಿಗೆ.

ಆಕೆ ಜೊಲ್ಲು ಒರೆಸಲಿಕ್ಕೆ ಎಂದುಕೊಂಡು ಅವರ ಜೇಬಿನಿಂದ ದಸ್ತಿ ತೆಗೆದು ಬಾಯಿಗೆ ಹಿಡಿದರು. ಡಾಕ್ಟರು ಮುಖ ತಿರುಗಿಸಿದರು. ಫಿಲ್ಮನ್ನು ತೊಡೆಯ ಮೇಲಿಟ್ಟು, ದಸ್ತಿಯನ್ನು ಎಡಗೈಗೆ ತೆಗೆದುಕೊಂಡು ಒರೆಸತೊಡಗಿದರು.

ಅವರು ಒರೆಸುತ್ತಲೇ ಇದ್ದರು. ರೇಣುಕಾ ಎದ್ದು ಹೋಗಿ ಅವರ ಕೈ ಹಿಡಿದಳು.

"ಸಾಕ್ರಿ ಸರ," ಎಂದಳು. "ಸ್ವಚ್ಛ ಆಗೈತಿ."