ಬೀಕನ್ ಗುಡ್ಡದ ಮೇಲಿನಿಂದ ಒಂದು ಫೋನ್

ಅಮೆರಿಕದ ಮನ್ರೋ ಊರಿನಲ್ಲಿ ನಮ್ಮ ಪಕ್ಕದ ಮನೆಯ ಧಾರವಾಡದ ಆಂಟಿಗೆ ಮಂಡಿನೋವು. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು, ವೇಲಿನಿಂದ ಕನ್ನಡಕ ಒರೆಸಿಕೊಂಡು, "ಅವಸರ ಏನೈತಿ?" ಎನ್ನುತ್ತಿದ್ದರು.

ಒಮ್ಮೆ ಬೀಕನ್ ಗುಡ್ಡಕ್ಕೆ ಹೋದೆವು. ಜನರನ್ನು ಹಗ್ಗದಲ್ಲಿ ಎಳೆದು ಮೇಲೇರಿಸುತ್ತಿದ್ದ ಹಳೆಯ ರೈಲಿನ ಗುರುತಷ್ಟೇ ಅಲ್ಲಿ ಉಳಿದಿದೆ. ಬುಡದ ಬೆಂಚಿನಲ್ಲಿದ್ದ ಅಮೆರಿಕನ್ ಮುದುಕರೊಬ್ಬರು, "ಚಿಕ್ಕಂದಿನಲ್ಲಿ ಅಕ್ಕನ ಜೊತೆ ಆ ರೈಲಿನಲ್ಲಿ ಹೋಗಿ ನದಿ ನೋಡಿದ್ದೆ. ಇನ್ನು ಹತ್ತಲಾರೆ" ಎಂದರು. ಆಂಟಿ ಆ ಮುದುಕರ ಫೋನ್ ನಂಬರ್ ಬರೆದುಕೊಂಡು ಹತ್ತತೊಡಗಿದರು.

ತುದಿ ಮುಟ್ಟಿದಾಗ ಸುತ್ತಲೂ ಬರೀ ಮಂಜು. ಆಂಟಿ ಏದುಸಿರಿನಲ್ಲೇ ಆ ಮುದುಕರಿಗೆ ಫೋನ್ ಮಾಡಿದರು.

"ಏನೂ ಕಾಣ್ತಿಲ್ವಲ್ಲ ಆಂಟಿ?" ಎಂದೆ.

"ನೀ ಸುಮ್ನ ಇರು" ಎಂದವರೇ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳತೊಡಗಿದರು: ನದಿ ಹೊಳೆಯುತ್ತಿದೆ, ಒಂದು ದೋಣಿ ಹೋಗುತ್ತಿದೆ.

ತುದಿಯನ್ನು ಮುಚ್ಚಿದ ಮಂಜು ಕೆಳಗಿದ್ದ ಮುದುಕರಿಗೂ ಕಾಣುತ್ತಿತ್ತು. ಆದರೂ "ದೋಣಿ ಯಾವ ಬಣ್ಣದ್ದು?" ಎಂದು ಕೇಳಿದರು.