ಕರಿ ಬಟ್ಟೆಯ ಬಂಡಾಯ ಮತ್ತು ನಮ್ಮ ಅತ್ತೆ

ಗೆಳೆಯರೇ, ಹಬ್ಬದ ಮನೆಯ ಸುದ್ದಿ ಕೇಳಿ.

ಹತ್ತನೇ ತರಗತಿಯ ಮಗಳು ಬೆಳಿಗ್ಗೆ ಕೋಣೆಯಿಂದ ಹೊರಬಂದಳು. ಕರಿ ಟೀ ಶರ್ಟು, ಕರಿ ಪ್ಯಾಂಟು, ಕರಿ ಉಗುರು, ಕೆನ್ನೆಯವರೆಗೆ ಇಳಿದ ಕಾಡಿಗೆ.

"ಸಂಕ್ರಾಂತಿ ದಿನ ಇದೇನ ಅವತಾರ?" ಎಂದೆ.

"ಇದು ಬರೇ ಫ್ಯಾಷನ್ ಅಲ್ಲಮ್ಮಾ, ನನ್ನ ಒಳಗಿನ ನೋವು. ನಿಮಗ್ಯಾರಿಗೂ ತಿಳಿಯಂಗಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಡ್ಡ ಬಂದರು. "ಬೈಬ್ಯಾಡ! ಸಂಕ್ರಾಂತಿಗೆ ಕರೀದ ಉಡಬೇಕು. ಮದುವಿಯಾದ ವರ್ಷ ನಮ್ಮ ಅತ್ತಿ ನನಗ ಕರಿ ಚಂದ್ರಕಾಳಿ ಸೀರಿ ಉಡಿಸಿದ್ರು. ನೀ ಮರತ್ರೂ ಇಕಿಗೆ ಪದ್ಧತಿ ನೆನಪದ ನೋಡು!"

ಟ್ರಂಕಿನಿಂದ ಆ ಸೀರೆ ತೆಗೆದು ಉಟ್ಟೇಬಿಟ್ಟರು. ಮೊಮ್ಮಗಳ ಹೆಗಲ ಮೇಲೆ ಕೈ ಹಾಕಿ, "ಫೋಟೋ ಹೊಡಿ, ನಮ್ಮ ಮಂದಿಗೆಲ್ಲಾ ಕಳಸು" ಎಂದರು. ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಅಮರಗೋಳದ ಕಾಕಾ ತಕ್ಷಣ ಬರೆದರು: "ಈಗಿನ ಕಾಲದಾಗ ಇಂಥಾ ಸಂಸ್ಕಾರದ ಹುಡುಗಿ ಸಿಗೂದು ಕಷ್ಟ ನೋಡ್ರಿ."

ಮಗಳು ಅದನ್ನು ಓದಿ ಒಳಹೋಗಿ ದಢಾರನೆ ಬಾಗಿಲು ಹಾಕಿಕೊಂಡಳು.

ಈಗ ಹಳದಿ ಚೂಡಿದಾರ ತೊಟ್ಟು ಓಣಿಗೆಲ್ಲ ಕುಸುರೆಳ್ಳು ಹಂಚುತ್ತಿದ್ದಾಳೆ. ಮುಖ ನೋಡಿದರೆ, ಒಳಗಿನ ನೋವು ಈಗಷ್ಟೇ ಶುರುವಾದಂತಿದೆ.